ಹಸಿರು ಬಳೆ ಬಿಗಿಯಾದಾಗ

ಶ್ರಾವಣ ಬಂದು ಓಣಿಯ ಹೆಂಗಸರೆಲ್ಲ ಬಳೆ ತೊಡಲು ಕೂತಾಗ ನಮ್ಮ ಅವ್ವ ಕೆಂಪನ್ನೋ ಹಳದಿಯನ್ನೋ ಆರಿಸಿ ಸುಮ್ಮನೆ ಕೈ ಚಾಚುತ್ತಾಳೆ. ಹಸಿರು ಬಳೆಯ ಗೊಂಚಲು ಹತ್ತಿರ ಬಂದರೆ ಮುಖ ತಿರುಗಿಸುತ್ತಾಳೆ. ತೊಡಿಸುವವಳಿಗೆ ಕಾರಣ ಗೊತ್ತಿಲ್ಲ. ಮನೆಯವರಿಗೆ ಗೊತ್ತು. ಕೈತುಂಬ ಹಸಿರು ಬಳೆ ತೊಟ್ಟುಕೊಂಡು ಆಸ್ಪತ್ರೆಗೆ ಹೋದ ನನ್ನ ತಂಗಿ ಜೀವಂತ ತಿರುಗಿ ಬರಲಿಲ್ಲ.

ಅಪ್ಪ ಬ್ಯಾಂಕಿನ ಅಧಿಕಾರಿಯಾಗಿ ಗದಗಿನ ಕಡೆಯಿಂದ ವಿಜಯವಾಡಕ್ಕೆ ವರ್ಗವಾಗಿ ಬಂದವರು. ಎರಡು ವರ್ಷ ಇದ್ದು ಹೋಗುವ ಮಾತು, ಬಿಸಿಲಿಗೆ ಬೈಯುತ್ತಲೇ ಇಲ್ಲೇ ಬೇರು ಬಿಟ್ಟರು. ಹಳೆ ಪೇಟೆಯಾದ ಒನ್ ಟೌನಿನ ಒಂದು ಇಕ್ಕಟ್ಟು ಓಣಿಯಲ್ಲಿ, ಕೆಳಗೆ ಮೆಣಸಿನಕಾಯಿ ಮೂಟೆಗಳ ಗೋದಾಮು, ಮೇಲೆ ನಮ್ಮ ಮನೆ. ಸೀನುತ್ತಲೇ ಬೆಳೆದವರು ನಾವು ಮೂವರು: ನಾನು, ತಂಗಿ, ಕೊನೆಗೆ ತಮ್ಮ. ಅಕ್ಕತಂಗಿಯರು ನಮ್ಮನಮ್ಮಲ್ಲಿ ತೆಲುಗಿನಲ್ಲೇ ಮಾತಾಡಿಕೊಳ್ಳುತ್ತಿದ್ದೆವು, ಅವ್ವ ಬಂದಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದೆವು. ಅವ್ವನ ಕನ್ನಡ ಮಾತ್ರ ಗದಗು ಬಿಟ್ಟು ಒಂದು ಹೆಜ್ಜೆ ಈಚೆ ಬಂದಿಲ್ಲ. ಅವಳ ಶಾಸ್ತ್ರಗಳೂ ಅಷ್ಟೇ.

ನಾನು ಮದುವೆಯಾಗಿ ವಿಶಾಖಪಟ್ಟಣ ಸೇರಿದೆ. ಕೆಲವು ವರ್ಷಗಳ ನಂತರ ತಂಗಿಯೂ ಆ ಕಡೆಗೇ ಬಂದಳು. ಅವಳ ಗಂಡ ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ತೆಲುಗಿನವನು, ಒಳ್ಳೆಯ ಹುಡುಗ. ಕಾರ್ಖಾನೆಗೆ ಹತ್ತಿರವಿದ್ದ ಹಳ್ಳಿಯಲ್ಲಿ ಬಾಡಿಗೆ ಮನೆ. ಭಾನುವಾರ ಬಸ್ಸು ಹತ್ತಿ ನನ್ನ ಮನೆಗೆ ಬಂದು, ಸಮುದ್ರದ ಗಾಳಿಗೆ ಕೂತು, ಅವ್ವನನ್ನು ಅಣಕಿಸಿ ನಗುವುದು ನಮ್ಮ ವಾರದ ಹಬ್ಬ. ಅವಳಷ್ಟು ಚೆನ್ನಾಗಿ ಅವ್ವನ ದನಿ ತೆಗೆಯಲು ನನಗೆ ಇವತ್ತಿಗೂ ಬರುವುದಿಲ್ಲ.

ಅವಳು ಬಸುರಾದಾಗ ಆ ಹಳ್ಳಿಯ ಆರೋಗ್ಯ ಉಪಕೇಂದ್ರದ ನರ್ಸಮ್ಮ ಅವಳನ್ನು ನೋಡಿಕೊಳ್ಳುತ್ತಿದ್ದಳು. ಆಕೆಯೇನೂ ದೇವತೆಯಲ್ಲ. ಸುತ್ತಲಿನ ಹಲವು ಹಳ್ಳಿಗಳಿಗೆ ಅವಳೊಬ್ಬಳೇ. ಒಂದು ದಿನ ಮೀಟಿಂಗು, ಒಂದು ದಿನ ಮಕ್ಕಳ ಲಸಿಕೆ, ಉಳಿದ ದಿನ ಬಂದವರಿಗೆ ಬೈಗುಳ. ಹೋದಾಗ ಸಿಗದೆ ತಂಗಿ ಬರಿದೇ ತಿರುಗಿ ಬಂದದ್ದೂ ಉಂಟು. ಆದರೆ ಸಿಕ್ಕಾಗ ತೂಕ ನೋಡುತ್ತಿದ್ದಳು, ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಿದ್ದಳು, ಕಾಲಿನ ಮೇಲೆ ಹೆಬ್ಬೆಟ್ಟು ಒತ್ತಿ ನೋಡುತ್ತಿದ್ದಳು. ಆರನೇ ತಿಂಗಳವರೆಗೆ ಎಲ್ಲ ಸರಿಯಾಗಿತ್ತು. ತವರಿಗೆ ಹೋಗುತ್ತೇನೆಂದು ಹೇಳಲು ಹೋದಾಗ, "ಅಕ್ಕಡ ಕೂಡಾ ಚೂಪಿಂಚುಕೋ ತಲ್ಲೀ" ಎಂದಳಂತೆ, ಅಲ್ಲಿಯೂ ತೋರಿಸಿಕೋ ತಾಯೀ ಎಂದು. ತಂಗಿ ತಲೆಯಾಡಿಸಿ ಬಂದಳು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಇದರಲ್ಲಿ ಗದಗಿಗೂ ತೆಲುಗು ಸೀಮೆಗೂ ಭೇದವಿಲ್ಲ. ಎರಡೂ ಕಡೆಯ ಹಿರಿಯರು ಒಂದೇ ಮಾತಿಗೆ ತಲೆದೂಗಿದ ಅಪರೂಪದ ಸಂದರ್ಭ ಅದು. ಏಳನೇ ತಿಂಗಳಲ್ಲಿ ಕುಬಸ ಮಾಡಿ, ಅಂದರೆ ಸೀಮಂತ ಮಾಡಿ, ವಿಜಯವಾಡದಲ್ಲೇ ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ವಿಶಾಖಪಟ್ಟಣದ ಬಳಿ ಬೆಟ್ಟದ ಮೇಲಿರುವ ಸಿಂಹಾಚಲಂ ಸ್ವಾಮಿ ಅವಳ ಅತ್ತೆಮನೆಯ ದೇವರು. ಬಸುರಿ ಬೆಟ್ಟ ಹತ್ತಬಾರದೆಂದು ಅತ್ತೆಯೇ ಹೋಗಿ ಚಂದನ ತಂದುಕೊಟ್ಟರು. ಬಸುರಿಯ ಗಂಡ ಸಮುದ್ರಸ್ನಾನ ಮಾಡಬಾರದೆಂದು, ಸಮುದ್ರದ ಮಗ್ಗುಲಲ್ಲೇ ಬದುಕುವ ಆ ಹುಡುಗ ಅಷ್ಟು ತಿಂಗಳು ನೀರಿಗಿಳಿಯಲಿಲ್ಲ. ನಾವು ಯಾವ ನಿಯಮವನ್ನೂ ಮುರಿದವರಲ್ಲ. ಬಿಪಿ ನೋಡಿಸುವುದೊಂದನ್ನು ಬಿಟ್ಟು ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ಪಾಲಿಸಿದೆವು.

ಕುಬಸಕ್ಕೆ ನಾನೂ ಹೋಗಿದ್ದೆ. ಹಸಿರು ಸೀರೆ, ಹಸಿರು ಕುಬಸ, ಮುಡಿತುಂಬ ಮಲ್ಲಿಗೆ. ಅವ್ವ ಬಳೆಯವಳ ಪಕ್ಕದಲ್ಲೇ ಕೂತು ಒಂದೊಂದನ್ನೂ ಪರೀಕ್ಷಿಸಿದಳು.

"ಸಡ್ಲ ಬ್ಯಾಡವಾ, ಕೈಗೆ ಹಿಡದು ಕುಂದರಬೇಕು. ಹಡ್ಯೂತನಕ ತಗ್ಯಾಂಗಿಲ್ಲ ಇವನ್ನ."

ಬಳೆಯವಳಿಗೆ ಕನ್ನಡ ಬಾರದು, ಅವ್ವನ ಕೈಸನ್ನೆ ಸಾಕಾಯಿತು. ತಂಗಿಯ ಅಂಗೈ ಹಿಚುಕಿ ಹಿಚುಕಿ ಹದವಾದ ಬಳೆಗಳನ್ನೇ ಏರಿಸಿದಳು. ತಂಗಿ ನನ್ನ ಕಡೆ ನೋಡಿ, ಅವ್ವನಿಗೆ ಕೇಳಿಸದಂತೆ ಅವ್ವನದೇ ದನಿಯಲ್ಲಿ, "ತಗ್ಯಾಂಗಿಲ್ಲ ಇವನ್ನ" ಎಂದಳು. ನಾನು ಸೆರಗು ಬಾಯಿಗೊತ್ತಿಕೊಂಡು ನಕ್ಕೆ. ಮರುದಿನ ವಿಶಾಖಪಟ್ಟಣಕ್ಕೆ ಹಿಂದಿರುಗಿದೆ.

ವಿಜಯವಾಡದಲ್ಲಿ ಆಸ್ಪತ್ರೆಗೆ ಬರವಿಲ್ಲ. ಯಾವ ರಸ್ತೆಗೆ ಹೋದರೂ ಮಗುವನ್ನೆತ್ತಿಕೊಂಡು ನಗುವ ತಾಯಿಯ ಚಿತ್ರದ ಫಲಕ. ಎಲ್ಲೆಲ್ಲಿಂದಲೋ ಜನ ಇಲ್ಲಿಗೆ ಬರುತ್ತಾರೆ. ಆದ್ದರಿಂದಲೇ ಅವ್ವನಿಗೆ ಅವಸರವಿರಲಿಲ್ಲ. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಹೋದ್ರಾತು" ಎನ್ನುತ್ತಿದ್ದಳು. ಅಷ್ಟರಲ್ಲಿ ಆಷಾಢ ಬಂತು, ಅದರ ಜೊತೆಗೇ ಎಂಟನೇ ತಿಂಗಳೂ ಬಂತು. ಎಂಟರಲ್ಲಿ ಬಸುರಿ ಹೊಸ ಮೆಟ್ಟಿಲು ಹತ್ತಬಾರದು, ಆಷಾಢದಲ್ಲಿ ಹೊಸ ಕೆಲಸ ಹಿಡಿಯಬಾರದು. ಹೊಸ ಆಸ್ಪತ್ರೆಗೆ ಹೆಸರು ಬರೆಸುವುದೆಂದರೆ ಎರಡೂ ಆಯಿತು. ಶ್ರಾವಣದ ಮೊದಲ ಸೋಮವಾರ ಹೋಗುವುದೆಂದು ಅವ್ವ ನಿಶ್ಚಯಿಸಿದಳು. ಅಪ್ಪ ಕ್ಯಾಲೆಂಡರ್ ನೋಡಿ ಒಳ್ಳೆಯ ವೇಳೆಯನ್ನೂ ಹುಡುಕಿಟ್ಟರು. ಬ್ಯಾಂಕಿನಲ್ಲಿ ಜೀವಮಾನವಿಡೀ ತಡಮಾಡಿದವರಿಗೆ ಬಡ್ಡಿ ಹಾಕಿದವರು, ಇಲ್ಲಿ ಮಾತ್ರ ತಾವೇ ಗಡುವು ಮುಂದೂಡಿದರು.

ಅವ್ವನನ್ನು ಬೈಯುವುದು ಸುಲಭ, ನಾನು ಮನಸ್ಸಿನಲ್ಲೇ ಬೇಕಾದಷ್ಟು ಬೈದಿದ್ದೇನೆ. ಆದರೆ ಅವಳು ಹುಟ್ಟಿದ್ದು ಅವರ ಊರಿನ ಸೂಲಗಿತ್ತಿಯ ಕೈಯಲ್ಲಿ. ಆಕೆ ಕರೆಯದಿದ್ದರೂ ದಾರಿಯಲ್ಲಿ ಹೋಗುವಾಗ ಒಳಗೆ ಬಂದು ಬಸುರಿಯ ಹೊಟ್ಟೆ ಮುಟ್ಟಿ, ಮುಖ ನೋಡಿ, ಒಂದು ಮಾತಾಡಿಸಿ ಹೋಗುವವಳು. ಅವಳ ಕೈಯಲ್ಲಿ ಸತ್ತವರೂ ಇದ್ದರು. ಅವಳಿಗೆ ಬಿಪಿ ಗೊತ್ತಿರಲಿಲ್ಲ. ಆದರೂ ಬಾಗಿಲಿಗೆ ಬಂದು ನೋಡುವವರು ಒಬ್ಬರಿದ್ದರು ಎಂಬುದು ಅವ್ವನ ತಲೆಯಲ್ಲಿ ಉಳಿದುಬಿಟ್ಟಿತ್ತು. ಒನ್ ಟೌನಿನ ಓಣಿಯಲ್ಲಿ, ಗೋದಾಮಿನ ಮೇಲಿನ ಮನೆಗೆ ಯಾರು ಬರಬೇಕು? ಅಚ್ಯುತಾಪುರಂ ಕಡೆಯ ನರ್ಸಮ್ಮನ ಪಾಲಿಗೆ ತಂಗಿ ಊರು ಬಿಟ್ಟವಳು. ವಿಜಯವಾಡದವರ ಪಾಲಿಗೆ ಇನ್ನೂ ಬಾರದವಳು. ಎರಡು ಊರುಗಳ ನಡುವೆ ನಮ್ಮ ಹುಡುಗಿ ಯಾರ ಬಸುರಿಯೂ ಆಗಿರಲಿಲ್ಲ.

ಬಳೆ ಬಿಗಿಯಾದವು.

ಮೊದಲು ಉಂಗುರ ಬಿಗಿಯಾಯಿತಂತೆ, ಸೋಪು ಹಚ್ಚಿ ತೆಗೆದರು. ಬಳೆ ತೆಗೆಯುವಂತಿಲ್ಲವಲ್ಲ. ಮಣಿಕಟ್ಟಿನಲ್ಲಿ ಬಳೆಗಳು ಮಾಂಸದೊಳಗೆ ಕೂತು ಕೈಯಾಡಿಸಿದರೂ ಸದ್ದು ಮಾಡುತ್ತಿರಲಿಲ್ಲ. ಅವ್ವ ದಿನವೂ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಓಣಿಯ ಹೆಂಗಸರಿಗೆ ತೋರಿಸಿ ಹಿಗ್ಗುತ್ತಿದ್ದಳು. ಫೋನಿನಲ್ಲಿ ನನಗೂ ಹೇಳಿದಳು.

"ಕಡ್ಡಿ ಆಗಿ ಬಂದಾಕಿ ಈಗ ನೋಡು, ಮೈ ಕೈ ತುಂಬ್ಕೊಂಡಾಳ. ತವರಮನಿ ಅನ್ನ ಮೈಗೆ ಹತ್ತೇತಿ. ಬಳಿ ಸುದ್ದಾ ತಿರುಗವಲ್ವು!"

ನನಗೂ ಸಂತೋಷವೇ ಆಯಿತು. ಬಸುರಿಯ ಕೈ ಊದುವುದು ಬಿಪಿ ಏರಿದ ಸೂಚನೆಯಾಗಿರಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದಿದವರು, ಕೆಲಸದಲ್ಲಿದ್ದವರು, ಎಲ್ಲರೂ ಒಂದೇ. ಆಮೇಲೆ ತಂಗಿಗೆ ತಲೆನೋವು ಶುರುವಾಯಿತು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ತಂಗಿ ಸಿಂಹಾಚಲಂನ ಚಂದನವನ್ನು ನೀರಿನಲ್ಲಿ ಕಲಸಿ ಹಣೆಗೆ ಹಚ್ಚಿಕೊಂಡಳು. ಕಣ್ಣ ಮುಂದೆ ಮಿಂಚು ಹೊಡೆದಂತಾಗುತ್ತದೆ ಎಂದು ಒಮ್ಮೆ ಅಂದಳಂತೆ. ಬಿಸಿಲು, ನಿದ್ದೆ ಸಾಲದು ಎಂದರು. ಶ್ರಾವಣ ಇನ್ನೇನು ಬಂದೇಬಿಟ್ಟಿತ್ತು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತವಳಿಗೆ ಕೈಕಾಲು ಸೆಟೆದು ಫಿಟ್ಸ್ ಬಂತು. ತಮ್ಮ ಅವಳನ್ನು ಎತ್ತಿಕೊಂಡೇ ಮೆಟ್ಟಿಲಿಳಿದ. ಅಪ್ಪ ಆಟೋ ತಂದರು. ಹತ್ತಿರದ ನರ್ಸಿಂಗ್ ಹೋಮಿನವರು ಬಾಗಿಲಲ್ಲೇ ನೋಡಿ, ಇದು ನಮ್ಮಲ್ಲಿ ತೋರಿಸಿದ ಕೇಸಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಮತ್ತೊಂದರಲ್ಲೂ ಅದೇ ಮಾತು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಒಂದೊಂದು ಮಂಚದಲ್ಲಿ ಇಬ್ಬಿಬ್ಬರು. ಓಡಾಡುವ ನರ್ಸುಗಳು ಕೆಲವೇ ಮಂದಿ, ಅವರ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಅವರು ಇವಳನ್ನು ತಿರುಗಿ ಕಳಿಸಲಿಲ್ಲ. ಒಳಗೆ ಎಳೆದುಕೊಂಡರು.

ಅಲ್ಲಿ ನಡೆದದ್ದನ್ನು ತಮ್ಮ ನನಗೆ ಒಮ್ಮೆ ಮಾತ್ರ ಹೇಳಿದ್ದಾನೆ. ಸೂಜಿ ಚುಚ್ಚಲು ನರ ಸಿಗುತ್ತಿರಲಿಲ್ಲ. ನರ್ಸು ಇಕ್ಕಳದಂಥದ್ದೇನೋ ತಂದು ಬಳೆ ಒಡೆಯಲು ಹೋದಳು. ಅವ್ವ ಅಡ್ಡ ಬಂದಳು. "ಗಾಜುಲು ಪಗಲಗೊಟ್ಟಕಂಡಮ್ಮಾ" ಎಂದು ಮೊದಲು ತೆಲುಗಿನಲ್ಲಿ ಬೇಡಿಕೊಂಡಳು. ಆಮೇಲೆ ಅವಳ ತೆಲುಗು ಕೈಕೊಟ್ಟಿತು.

"ಒಡೀಬ್ಯಾಡ್ರಿ ನಮ್ಮವ್ವಾ, ಮುತ್ತೈದಿ ಅಕಿ! ಎಣ್ಣಿ ಹಚ್ಚಿ ತಗೀತೀನಿ, ಒಂದೀಟು ತಡೀರಿ!"

ಕನ್ನಡ ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದರೂ ಯಾರೂ ನಿಲ್ಲುತ್ತಿರಲಿಲ್ಲ. ತಮ್ಮ ಅವ್ವನನ್ನು ಹಿಡಿದು ಹೊರಗೆ ಕರೆತಂದ. ಬಳೆ ಒಡೆದ ಸದ್ದು ಬಾಗಿಲಾಚೆಗೂ ಕೇಳಿಸಿತಂತೆ.

ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಅಂಗೈಯಗಲದ ಮಗು, ಬದುಕಿತು. ತಂಗಿಗೆ ಪ್ರಜ್ಞೆ ಮರಳಲಿಲ್ಲ. ನಾನು ಮತ್ತು ಅವಳ ಗಂಡ ವಿಶಾಖಪಟ್ಟಣದಿಂದ ರೈಲಿನಲ್ಲಿ ಬಂದಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ದಾರಿಯುದ್ದಕ್ಕೂ ಆ ಹುಡುಗ, "ಮಗುವಿಗೆ ಹೆಸರು ಏನಿಡೋಣ ಅಂತ ಕೇಳಿದ್ದಳು, ನಾನು ಹೇಳಿರಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದ.

ಅವಳ ಮಣಿಕಟ್ಟುಗಳನ್ನು ನೋಡಿದೆ. ಬಳೆ ಇದ್ದ ಕಡೆ ಸುತ್ತ ಗೆರೆ ಬಿದ್ದಿತ್ತು. ಅಷ್ಟು ಆಳದ ಗೆರೆಯನ್ನು ನಾವೆಲ್ಲ ಆರೋಗ್ಯ ಎಂದು ಕರೆದಿದ್ದೆವು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಬೆರಳು ತೋರಿಸಲು ಒಬ್ಬರೂ ಸಿಗುವುದಿಲ್ಲ, ಅದಕ್ಕೇ ಆರಿಲ್ಲವೋ ಏನೋ.

ತಿಂಗಳಾದ ಮೇಲೆ ಆರೋಗ್ಯ ಇಲಾಖೆಯವರು ವಿಚಾರಿಸಲು ಬಂದರು. ಅಲ್ಲಿಯವರು ಇಲ್ಲಿ ತೋರಿಸಿದ್ದಿರಾ ಎಂದು ಕೇಳಿದರು, ಇಲ್ಲಿಯವರು ಅಲ್ಲಿ ತೋರಿಸಿದ್ದಿರಾ ಎಂದು ಕೇಳಿದರು. ಈ ಸಾವು ಯಾವ ಊರಿನದು ಎಂಬುದೇ ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ಕೋಟೆ ಸೂರೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಲು ಬಂದವರಿಗೆ ಅಪ್ಪ ಕುಡಿಯಲು ಮಜ್ಜಿಗೆ ಕೊಟ್ಟರು.

ವಿಶಾಖಪಟ್ಟಣದ ಪತ್ರಿಕೆಗಳಲ್ಲಿ ಆಗಾಗ ಪಾಡೇರು ಕಡೆಯ ಸುದ್ದಿ ಬರುತ್ತದೆ. ರಸ್ತೆಯಿಲ್ಲದ ಬೆಟ್ಟದ ಊರಿನಿಂದ ಹೆರಿಗೆ ನೋವಿನ ಹೆಂಗಸನ್ನು ಡೋಲಿಯಲ್ಲಿ ಹೊತ್ತು ತಂದರು, ದಾರಿಯಲ್ಲೇ ಹೋದಳು. ಆಫೀಸಿನಲ್ಲಿ ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ, ಅಲ್ಲಿ ಒಬ್ಬ ನರ್ಸೂ ಇಲ್ಲವಂತೆ ಎನ್ನುತ್ತಾರೆ. ನನ್ನ ತಂಗಿಗೆ ರಸ್ತೆಯಿತ್ತು, ಆಟೋ ಇತ್ತು, ರಸ್ತೆಯುದ್ದಕ್ಕೂ ಆಸ್ಪತ್ರೆಗಳಿದ್ದವು. ಆ ಬೆಟ್ಟದ ಹೆಂಗಸೂ ನನ್ನ ತಂಗಿಯೂ ಕೊನೆಗೆ ಸೇರಿದ್ದು ಒಂದೇ ಕಡೆ.

ಮಗುವನ್ನು ನಾನೇ ತಂದುಕೊಂಡೆ. ಅವಳ ತಂದೆ ಭಾನುವಾರಗಳಂದು ಬರುತ್ತಾನೆ. ಈಗ ಶಾಲೆಗೆ ಹೋಗುತ್ತಾಳೆ, ಕನ್ನಡ ಬಾರದು. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ನನ್ನಿಂದ ಎರಡು ಕನ್ನಡ ಮಾತು ಎರವಲು ಕೇಳುತ್ತಾಳೆ.

ಅವ್ವನದು ಮಾತ್ರ ಇಷ್ಟು ವರ್ಷ ಒಂದೇ ಮಾತು. "ಆ ನರ್ಸು ಬಳಿ ಒಡದ್ಲು, ನನ್ನ ಮಗಳು ಹೋದ್ಲು." ಬಂದವರಿಗೆಲ್ಲ ಅದೇ ಹೇಳುತ್ತಿದ್ದಳು. ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ತನಗೆ ಮಂಡಿ ನೋವು ಬಂದಾಗಲೂ ಡಾಕ್ಟರ ಹೆಸರೆತ್ತಗೊಡಲಿಲ್ಲ. ನನಗೆ ನಾಲಿಗೆಯ ತುದಿಗೆ ಬಂದದ್ದನ್ನು ಪ್ರತಿ ಸಲ ನುಂಗಿಕೊಳ್ಳುತ್ತಿದ್ದೆ. ಬಳೆ ಒಡೆದದ್ದಕ್ಕಲ್ಲ ಅವ್ವಾ ಎಂದರೆ, ಮತ್ತೆ ಯಾತಕ್ಕೆ ಎಂಬ ಪ್ರಶ್ನೆ ಬರುತ್ತದೆ. ಅದರ ಉತ್ತರ ಮಗಳಾದವಳು ತಾಯಿಗೆ ಹೇಳುವಂಥದ್ದಲ್ಲ.

ಹೋದ ವರ್ಷ ತಮ್ಮನ ಹೆಂಡತಿ ಬಸುರಾದಳು. ತೆಲುಗಿನ ಹುಡುಗಿ, ತಾಯಿಯಿಲ್ಲದವಳು. ಹೀಗಾಗಿ ಹೆರಿಗೆ, ಬಾಣಂತನ ಎಲ್ಲ ಅವ್ವನ ಮನೆಯಲ್ಲೇ. ಮೊದಲೆರಡು ಸಲ ತಮ್ಮ ಅವಳನ್ನು ಆಸ್ಪತ್ರೆಗೆ ಕರೆದೊಯ್ದಾಗ ಅವ್ವ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಜೊತೆಗೆ ಹೋಗಲಿಲ್ಲ. ಕುಬಸದ ಹಿಂದಿನ ದಿನ ನಾನು ವಿಜಯವಾಡಕ್ಕೆ ಹೋದೆ. ಅವ್ವ ಕಾಗದದ ಗಂಟು ಬಿಚ್ಚಿ ಬಳೆ ತೋರಿಸಿದಳು. ಅಷ್ಟು ವರ್ಷಗಳ ನಂತರ ಆ ಮನೆಯೊಳಗೆ ಮತ್ತೆ ಹಸಿರು ಬಳೆ. ಆ ಹುಡುಗಿಯ ಮಣಿಕಟ್ಟು ಕಬ್ಬಿನ ಜಲ್ಲೆಯಷ್ಟಿದೆ, ಬಳೆಗಳೋ ಮೊಣಕೈ ದಾಟಿ ಹೋಗುವಷ್ಟು ದೊಡ್ಡವು.

"ಇಷ್ಟು ದೊಡ್ಡುವು ಯಾಕವ್ವಾ? ಜಾರಿ ಬೀಳ್ತಾವು."

"ಬೀಳ್ಲಿ. ಬಿಗಿ ಆಗಂಗಿಲ್ಲ. ಬಿಗಿ ಆಗದಿದ್ರ ಯಾರೂ ಒಡ್ಯಂಗಿಲ್ಲ."

ಒನ್ ಟೌನಿನ ಸಗಟು ಅಂಗಡಿಗಳನ್ನೆಲ್ಲ ಸುತ್ತಿ, ಮಂಡಿ ನೋವಿನಲ್ಲಿ, ಆರಿಸಿ ತಂದಿದ್ದಳು. ನನಗೆ ತಡೆಯಲಾಗಲಿಲ್ಲ. ಈ ಹುಡುಗಿಯ ಕೈ ಊದಿದರೂ ಯಾರಿಗೂ ತಿಳಿಯದಂಥ ಬಳೆ! ಇಷ್ಟು ವರ್ಷ ನುಂಗಿದ್ದು ಹೊರಗೆ ಬಂತು.

"ಬಳಿ ಒಡದದ್ದಕ್ಕ ಅಕಿ ಹೋಗಲಿಲ್ಲವ್ವಾ. ಬಳಿ ಬಿಗಿ ಆದಾಗ ಕರಕೊಂಡು ಹೋಗಿದ್ರ..."

ಅವ್ವ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನನಗ ಗೊತ್ತೈತಿ" ಎಂದಳು. "ಅವತ್ತ ಆ ಡಾಕ್ಟ್ರಮ್ಮ ಕೇಳಿದ್ಲು, ಕೈ ಇಷ್ಟು ಊದೇತಿ, ನೋಡ್ಲಿಲ್ಲೇನಮ್ಮಾ ಅಂತ. ನೋಡಿದ್ನಲ್ಲ. ದಿನಾ ನೋಡಿದೆ. ಎಣ್ಣಿ ಹಚ್ಚಿ ನಕ್ಕಾಕಿ ನಾನ. ಒಡದದ್ದಕ್ಕ ಹೋದ್ಲು ಅಂದ್ಕೊಂಡ್ರ ಗಂಟಲದಾಗ ಅನ್ನ ಇಳೀತೈತಿ. ಇಲ್ಲಾಂದ್ರ ಇಳ್ಯಂಗಿಲ್ಲ."

ಇಬ್ಬರೂ ಅತ್ತೆವು. ಕೆಳಗೆ ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದರು, ಮೆಣಸಿನಕಾಯಿಯ ಘಾಟು ಮೇಲಕ್ಕೆ ಬಂದಿತ್ತು. ಯಾರಾದರೂ ಕೇಳಿದ್ದರೆ ಅದರ ಮೇಲೆ ಹಾಕಬಹುದಿತ್ತು. ಯಾರೂ ಕೇಳಲಿಲ್ಲ. ಸಂಜೆ ಅವ್ವ ಗಂಟು ಕಟ್ಟಿಕೊಂಡು ಅಂಗಡಿಗೆ ಹೋಗಿ ಬಳೆ ಬದಲಿಸಿ ತಂದಳು. ಮರುದಿನ ಕುಬಸದಲ್ಲಿ ಆ ಹುಡುಗಿಯ ಕೈಗೆ ಹದವಾದ ಬಳೆಗಳೇ ಏರಿದವು. ಅವ್ವ ಈ ಸಲ ಬಳೆಯವಳಿಗೆ ಏನನ್ನೂ ಹೇಳಲಿಲ್ಲ.

ಆಮೇಲಿನದನ್ನು ತಮ್ಮ ಫೋನಿನಲ್ಲಿ ಹೇಳುತ್ತಿದ್ದ. ದಿನವೂ ಬೆಳಿಗ್ಗೆ ಕಾಫಿಗೂ ಮುಂಚೆ ಅವ್ವ ಸೊಸೆಯ ಕೈ ಹಿಡಿದು ಒಂದೊಂದೇ ಬಳೆ ತಿರುಗಿಸಿ ನೋಡುತ್ತಿದ್ದಳಂತೆ. ತಿರುಗಿದರೆ ಕಾಫಿ ಮಾಡಲು ಒಳಗೆ ಹೋಗುತ್ತಿದ್ದಳಂತೆ. ಆ ಹುಡುಗಿ ಇದೂ ಕನ್ನಡದವರ ಒಂದು ಶಾಸ್ತ್ರ ಇರಬೇಕೆಂದು ಸುಮ್ಮನೆ ಕೈ ಕೊಡುತ್ತಿದ್ದಳಂತೆ.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಳೆ ತಿರುಗಲಿಲ್ಲ. ಅಂದು ಅಮಾವಾಸ್ಯೆ. ತಮ್ಮ ಸ್ನಾನಕ್ಕೆ ಹೋಗಿದ್ದ. ಅವ್ವ ಯಾರನ್ನೂ ಕೇಳಲಿಲ್ಲ, ಮೈಮೇಲಿನ ಹಳೆ ಸೀರೆಯನ್ನೂ ಬದಲಿಸಲಿಲ್ಲ. ಸೊಸೆಯ ಕೈ ಹಿಡಿದು ಮೆಟ್ಟಿಲಿಳಿಸಿ ಆಟೋ ಹತ್ತಿಸಿದಳು. ಆಸ್ಪತ್ರೆಯಲ್ಲಿ ಬಿಪಿ ನೋಡಿದರು, ಮೂತ್ರ ನೋಡಿದರು. ಏನೂ ಇರಲಿಲ್ಲ. ಬಿಸಿಲಿಗೆ ಸ್ವಲ್ಪ ಊದಿದೆ ಅಷ್ಟೇ, ಆದರೂ ಬಂದದ್ದು ಒಳ್ಳೆಯದಾಯಿತು ಎಂದರಂತೆ.

ಆಸ್ಪತ್ರೆಯ ಬೆಂಚಿನಿಂದಲೇ ಅವ್ವ ನನಗೆ ಫೋನು ಮಾಡಿದಳು. ಏನೂ ಆಗಿಲ್ಲ ಎಂದು ಮೊದಲೇ ಹೇಳಿಬಿಟ್ಟಳು, ನಾನು ಹೆದರಬಾರದೆಂದು. ಯಾರದೋ ಕೂಸು ಅಳುವುದು ಕೇಳಿಸುತ್ತಿತ್ತು.

"ಆಟೋದಾಗ ಕುಂತೇವೋ ಇಲ್ಲೋ, ಬಂದ ಬಿಡ್ತವಾ ಆಸ್ಪತ್ರಿ" ಎಂದಳು. "ಇಷ್ಟ ಸಮೀಪ ಇತ್ತೇನು?"

ಹೌದವ್ವಾ, ಇಷ್ಟೇ ಸಮೀಪ ಇತ್ತು ಎಂದೆ.